ನೋಟಿಸು ಗೋವಾಕ್ಕೆ ಮುಟ್ಟಿತು, ಮನೆಗೆ ಮುಟ್ಟಲಿಲ್ಲ

ನಮ್ಮ ಶಾಲೆಯ ಪಾಲಕರ ವಾಟ್ಸಾಪ್ ಗ್ರೂಪ್ ಮಾಡಿದ್ದು ನಾನೇ. ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿದ್ದ ಫೋನ್ ನಂಬರು ತೆಗೆದುಕೊಂಡು ಒಂದೇ ಮಧ್ಯಾಹ್ನ ಎಲ್ಲರನ್ನೂ ಸೇರಿಸಿದ್ದೆ. ಸಭೆ ಇದೆ ಅಂತ ಹಾಕಿದ ಮೇಲೆ ಯಾರು ಓದಿದರು ಅಂತ ಒತ್ತಿ ನೋಡಿದರೆ ಉದ್ದ ಪಟ್ಟಿ, ಎಲ್ಲ ಹೆಸರಿನ ಮುಂದೂ ನೀಲಿ ಗೆರೆ. ಸಭೆಗೆ ಬರುವವರು ಮಾತ್ರ ಯಾವಾಗಲೂ ಅದೇ ನಾಲ್ಕು ಮಂದಿ. "ಓದ್ತಾರ, ಬರೂದಿಲ್ಲ, ಮಕ್ಕಳ ಕಾಳಜೀನೇ ಇಲ್ಲ" ಅಂತ ಸ್ಟಾಫ್ ರೂಮಿನಲ್ಲಿ ಜಾಸ್ತಿ ಕೂಗಾಡಿದವನೂ ನಾನೇ.

ನಮ್ಮದು ಮುಂಡರಗಿ ತಾಲೂಕಿನ ಒಂದು ಊರು. ಆಗಸ್ಟ್ ಬಂತೆಂದರೆ ಹೆಸರುಕಾಳಿನ ಸುಗ್ಗಿ. ಒಣಗಿದ ಕಾಯಿ ಕೈಯಿಂದ ಬಿಡಿಸಬೇಕು. ನಡುವೆ ಮಳೆ ಹೊಡೆದರೆ ಗಿಡದಲ್ಲೇ ಮೊಳಕೆ. ಹಾಗಾಗಿ ಇಡೀ ಊರು ಹೊಲದಲ್ಲಿ. ನಮ್ಮ ಐದು, ಆರು, ಏಳನೇ ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಅದೇ ಹೊತ್ತಿಗೆ ಮೇಲಿನಿಂದ ಫೋನು: ಹಾಜರಾತಿ ಯಾಕೆ ಬಿದ್ದಿದೆ, ಪಾಲಕರ ಜೊತೆ ಏನು ಮಾತಾಡಿದ್ದೀರಿ, ಜಿಪಿಎಸ್ ಫೋಟೋ ಸಮೇತ ವರದಿ ಕೊಡಿ.

ಸಿಟ್ಟು ಬಂತು. ಶಾಲೆಗೆ ಬಾರದ ಮಕ್ಕಳ ಹೆಸರು ಬರೆದು, ಪಕ್ಕದಲ್ಲಿ ಎಷ್ಟು ದಿನ ತಪ್ಪಿಸಿದ್ದಾರೆ ಅಂತ ಕೆಂಪು ಪೆನ್ನಿನಲ್ಲಿ ಹಾಕಿ, ಆ ಹಾಳೆಯ ಫೋಟೋ ಗ್ರೂಪಿಗೆ ಬಿಟ್ಟೆ. ಕೆಳಗೆ ಕೈ ಮುಗಿಯುವ ಎಮೋಜಿ ಬೇರೆ. ಈಗ ನಾಚಿಕೆಯಾದರೂ ಓಡಿ ಬರುತ್ತಾರೆ ಅಂದುಕೊಂಡೆ.

ಬಂದರು. ಮರುದಿನ ಪ್ರಾರ್ಥನೆ ಮುಗಿದು ಮಕ್ಕಳು ಹಾಲು ಕುಡಿಯುತ್ತಿದ್ದಾಗ ಆರನೇ ತರಗತಿಯ ಹುಡುಗಿಯೊಬ್ಬಳ ತಾಯಿ ಆಫೀಸಿಗೆ ನುಗ್ಗಿದಳು. ಸೊಂಟದಲ್ಲಿ ಕೂಸು, ಹಿಂದೆ ಓಣಿಯ ಐದಾರು ಹೆಂಗಸರು. "ಕುಂದ್ರಬೇ ಯವ್ವಾ" ಅಂದೆ. ಕೂಡಲಿಲ್ಲ. ಬಟನ್ ಫೋನು ನನ್ನ ಮುಂದೆ ಹಿಡಿದಳು.

"ತಗೋರಿ ಸರ, ಮಾತಾಡ್ರಿ. ರಾತ್ರಿಯಿಂದ ನನ್ನ ಜೀವಾ ತಿನ್ನಾಕತ್ತಾರ."

ಸ್ಪೀಕರ್ ಆನ್ ಇತ್ತು. ಆ ಕಡೆ ಅವಳ ಗಂಡ, ಗೋವಾದಲ್ಲಿ ಕಟ್ಟಡದ ಕೆಲಸ. ಅವನಿದ್ದ ಶೆಡ್ಡಿನಲ್ಲಿ ನಮ್ಮೂರವರೇ ಹತ್ತು ಮಂದಿ, ಎಲ್ಲರೂ ನನ್ನ ಗ್ರೂಪಿನವರೇ! "ಸರ, ನಾ ಇಲ್ಲಿ ಸಿಮೆಂಟ್ ಹೊರಾಕತ್ತೀನಿ. ನಿನ್ನ ಮಗಳು ಸಾಲಿ ಬಿಟ್ಟಾಳಂತಲ್ಲೋ ಅಂತ ಎಲ್ಲಾರೂ ನಗಾಕತ್ತಾರ. ನೀವು ಹೆಸರು ಹಾಕೂ ಮುಂದ ಒಂದ ಮಾತು ಕೇಳಬಾರದೇನ್ರಿ?"

ನನ್ನ ಬಾಯಿಂದ ಬಂದದ್ದು ಇಷ್ಟೇ: "ಸಭೆ ನೋಟಿಸು ಹಾಕಿದ್ವಲ್ರಿ, ನೀವು ಓದೀರಲ್ಲ." ಅದು ಉರಿಯುವ ಒಲೆಗೆ ಎಣ್ಣೆ ಹಾಕಿದಂತಾಯಿತು. "ನಾ ಓದೀನ್ರಿ. ಗೋವಾದಿಂದ ಸಭಾಕ್ಕ ಬರ್ಲೇನು?" ಹೊರಗಿದ್ದ ಹೆಂಗಸರು ನಕ್ಕರು. ನಮ್ಮ ಮುಖ್ಯ ಶಿಕ್ಷಕರು, ಎಚ್‌ಎಂ ಸಾಹೇಬರು, ಯಾವುದೋ ಫೈಲು ತಿರುವುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಕೂಸು ನನ್ನ ಮೇಜಿನ ಸ್ಟ್ಯಾಂಪ್ ಪ್ಯಾಡಿಗೆ ಕೈ ಹಾಕಿ ಹಾಜರಿ ಪುಸ್ತಕದ ಮೇಲೆ ನೀಲಿ ಬೆರಳು ಒತ್ತಿತು. ಬೇಡ ಅನ್ನಲು ಧೈರ್ಯ ಸಾಲಲಿಲ್ಲ.

ತಾಯಿ ಹೇಳಿದ್ದು ಸರಳ. ಕೂಲಿಯವರ ಟಂಟಂ ಏಳಕ್ಕೆ ಹೊರಡುತ್ತದೆ. ಕೂಸನ್ನು ಯಾರ ಕೈಯಲ್ಲಿ ಕೊಡುವುದು? ಅಂಗನವಾಡಿಯಲ್ಲಿ ಕೂರಿಸಲು ಮೂರು ವರ್ಷ ತುಂಬಿರಬೇಕು. ಹಾಗಾಗಿ ಮಗಳು ಮನೆಯಲ್ಲಿ. "ನನಗ ಯಾರು ಹೇಳ್ಯಾರ ಸಭಾ ಐತಿ ಅಂತ? ನನ್ನ ಫೋನಿನ್ಯಾಗ ನಿಮ್ಮ ಗ್ರೂಪು ಬರೂದಿಲ್ಲ."

ಅವತ್ತು ಸಂಜೆ ಕೂತು ನಂಬರು ಒಂದೊಂದೇ ನೋಡಿದೆ. ಮುಕ್ಕಾಲು ಪಾಲು ಅಪ್ಪಂದಿರವು. ಗೋವಾ, ಮಂಗಳೂರು, ಬೆಂಗಳೂರು. ಕೆಲವು ಅಣ್ಣಂದಿರವು, ಒಂದು ಕಿರಾಣಿ ಅಂಗಡಿಯವರದು. ಮಗುವನ್ನು ಎಬ್ಬಿಸಿ ತಲೆ ಬಾಚಿ ಕಳಿಸುವ ಕೈಗೆ ನಮ್ಮ ಒಂದು ನೋಟಿಸೂ ಮುಟ್ಟುತ್ತಿರಲಿಲ್ಲ.

ಕಾಗದದಲ್ಲಿ ಎಲ್ಲ ಸರಿಯೇ ಇತ್ತು ಬಿಡಿ. ಪಾಲಕರೂ ಇರುವ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ, ಬಂದದ್ದು 2001ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧ ಹೆಂಗಸರಿರಬೇಕು ಅನ್ನುತ್ತದೆ. ನಮ್ಮಲ್ಲೂ ಇದ್ದರು. ಸಭೆಗೆ ಬರುತ್ತಿರಲಿಲ್ಲ, ನಡವಳಿ ಪುಸ್ತಕವೇ ಅವರ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು.

ದಾರಿ ತೋರಿಸಿದವರು ಬಿಸಿಯೂಟದ ಅಡುಗೆಯವರು. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರ ಹೊಲ ಯಾವಾಗ ಮುಗಿಯುತ್ತದೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. "ಶನಿವಾರ ಮುಂಜಾನೆ ಯಾರು ಬರ್ತಾರ ಸರ? ಸೋಮವಾರ ಸಂಜೀಕ ಇಡ್ರಿ" ಅಂದರು. ಸೋಮವಾರ ನಮ್ಮ ಕಡೆ ಎತ್ತಿಗೆ ನೊಗ ಇಡುವುದಿಲ್ಲ, ಅಲ್ವಾ. ಅವರೇ ಮನೆಮನೆಗೆ ಹೇಳಿ ಬಂದರು. ಹನುಮಪ್ಪನ ಗುಡಿ ಕಟ್ಟೆ ತುಂಬಿತು.

ಅಲ್ಲಿ ನಾನು ಭಾಷಣ ಮಾಡಲಿಲ್ಲ. ಮಕ್ಕಳ ಕೈಗೆ ಪಾಠದ ಪುಸ್ತಕ ಕೊಟ್ಟು ಅವರವರ ತಾಯಿಯ ಮುಂದೆ ಓದಿಸಿದೆ. ಆ ಹುಡುಗಿ ಒಂದು ಒತ್ತಕ್ಷರದಲ್ಲಿ ಸಿಕ್ಕಿಬಿದ್ದು ಹಿಂದೆ ಹೋಗಿ ಮತ್ತೆ ಓದಿದಳು. ತಾಯಿಗೆ ಓದು ಬರುವುದಿಲ್ಲ. ಆದರೂ "ಅಲ್ಲೇ ಯಾಕ ತಡವರಿಸಾಕತ್ತಿ?" ಅಂತ ಸರಿಯಾಗಿ ಅದೇ ಜಾಗದಲ್ಲಿ ಕೇಳಿದಳು.

ಕೂಸಿನ ವಿಷಯಕ್ಕೂ ಅಲ್ಲೇ ಏನೋ ಒಂದು ದಾರಿ ಸಿಕ್ಕಿತು. ನರೇಗಾ ಕೂಲಿಯವರ ಮಕ್ಕಳಿಗೆ ಅಂತ ಪಂಚಾಯಿತಿಯಲ್ಲಿ ಹಗಲು ಕೂಸುಗಳನ್ನು ನೋಡಿಕೊಳ್ಳುವ 'ಕೂಸಿನ ಮನೆ' ಇತ್ತು, ಅವಳ ಹತ್ತಿರ ಜಾಬ್ ಕಾರ್ಡೂ ಇತ್ತು. ಅದು ತೆರೆಯುವ ಹೊತ್ತಿಗೆ ಟಂಟಂ ಹೋಗಿರುತ್ತದೆ. ಅದಕ್ಕೆ ಹುಡುಗಿ ಕೂಸನ್ನು ಬಿಟ್ಟು ಎರಡನೇ ಪೀರಿಯಡ್ಡಿಗೆ ಬರುವುದು, ನಾನು ಸುಮ್ನೆ ಹಾಜರಿ ಹಾಕುವುದು ಅಂತ ಮಾತಾಯಿತು. ಇದನ್ನು ಯಾವ ನಡವಳಿಯಲ್ಲಿ ಬರೆಯಲಿ?

ಸೋಮವಾರದ ಫೋಟೋ ವರದಿಗೆ ಹಾಕಿದೆ. ಕತ್ತಲು, ಮುಖ ಕಾಣುವುದಿಲ್ಲ ಅಂತ ನಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ವಾಪಸ್ ಕಳಿಸಿದರು. ಶನಿವಾರ ಹಗಲು ಇನ್ನೊಂದು ಸಭೆ ಮಾಡಿಬಿಡಿ ಸರ್ ಅಂದರು. ಮಾಡಿದೆವು. ಎಸ್‌ಡಿಎಂಸಿ ಅಧ್ಯಕ್ಷರು, ಎಚ್‌ಎಂ, ನಾನು, ಕೈ ಒರೆಸಿಕೊಂಡು ಬಂದು ನಿಂತ ಅಡುಗೆಯವರು. ಆ ಫೋಟೋ ಒಂದೇ ಸಲಕ್ಕೆ ಅಪ್ರೂವ್ ಆಯಿತು.