ಎಡಗಡೆ ಅಂಚಿನಲ್ಲಿ ನಿಂತ ಜೋ ಥಾಮಸ್

ನಮ್ಮ ಒಕ್ಕದ (ಕೊಡವ ಮನೆತನದ) ಹಾಕಿ ತಂಡದಲ್ಲಿ ನಾನು ಫುಲ್‌ಬ್ಯಾಕ್. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಹುಡುಗರು, ಹುಡುಗಿಯರು, ಮಾವಂದಿರು ಎಲ್ಲರೂ ಒಟ್ಟಿಗೇ ಆಡುತ್ತೇವೆ. ಗೋಲ್ ಹೊಡೆದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಹಿಂದೆ ನಿಂತು ಗೋಲ್ ತಪ್ಪಿಸಿದವರ ಹೆಸರನ್ನು ಯಾರೂ ಕೂಗುವುದಿಲ್ಲ. ಜೋ ಥಾಮಸ್ ನನಗೆ ಇಷ್ಟು ಇಷ್ಟವಾಗಿದ್ದು ಅದಕ್ಕೇ ಇರಬೇಕು.

ಅವನು ಅಮೆರಿಕನ್ ಫುಟ್‌ಬಾಲ್ ಆಟಗಾರ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಲೆಫ್ಟ್ ಟ್ಯಾಕಲ್ ಆಗಿದ್ದ. ಓಹಾಯೋದಲ್ಲಿರುವ ಬಾವ ಮಳೆಗಾಲದಲ್ಲಿ ರಜೆಗೆ ಬಂದಾಗ ಹಳೇ ಪಂದ್ಯಗಳನ್ನು ಹಾಕಿ ತೋರಿಸಿದರು. "ಚೆಂಡಿನ ಹಿಂದೆ ಹೋಗಬೇಡ, ಅವನ ಕಾಲು ನೋಡು" ಅಂದರು.

ನೋಡಿದೆ. ಕ್ವಾರ್ಟರ್‌ಬ್ಯಾಕ್ ಅಂದರೆ ಹಿಂದೆ ನಿಂತು ಚೆಂಡು ಎಸೆಯುವವನು. ಬಲಗೈಯವನಾದರೆ, ಎಸೆಯಲು ತಿರುಗಿದಾಗ ಅವನ ಬೆನ್ನು ಎಡಗಡೆಗೆ ಬರುತ್ತದೆ. ಅತ್ತ ಕಡೆಯಿಂದ ನುಗ್ಗಿ ಬರುವವನು ಅವನಿಗೆ ಕಾಣುವುದೇ ಇಲ್ಲ. ಆ ಬೆನ್ನು ಕಾಯುವುದೇ ಲೆಫ್ಟ್ ಟ್ಯಾಕಲ್ ಕೆಲಸ. ಥಾಮಸ್ ಎದುರಾಳಿ ಮೇಲೆ ಹಾರಿ ಬೀಳುವುದಿಲ್ಲ. ಎಡಗಾಲು ಹಿಂದಕ್ಕೆ, ಅದರ ಹಿಂದೆಯೇ ಬಲಗಾಲು, ಮತ್ತೆ ಎಡಗಾಲು. ಒಂದು ಕಾಲು ಇನ್ನೊಂದನ್ನು ದಾಟುವುದಿಲ್ಲ. ಸುಮಾರು 140 ಕಿಲೋ ತೂಕದ ಮನುಷ್ಯ ಹಾಗೆ ಹಿಂದೆ ಹಿಂದೆ ಜಾರುತ್ತಾ, ಸರಿಯಾದ ಹೊತ್ತಿಗೆ ಎರಡೂ ಕೈ ಎದುರಾಳಿಯ ಎದೆಗೆ ಕೊಡುತ್ತಾನೆ. ಅಷ್ಟೇ, ಬಂದವನು ಅಲ್ಲೇ ನಿಂತ. ನಮ್ಮ ಕೋಚ್ ಕೂಡ ಇದನ್ನೇ ಬಡಿದುಕೊಳ್ಳುತ್ತಿದ್ದರು: ಚೆಂಡಿಗೆ ನುಗ್ಗಬೇಡ, ಅವನ ಜೊತೆಗೇ ಹಿಂದೆ ಹೋಗು.

2007ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಅವನನ್ನು ಮೂರನೆಯವನಾಗಿ ಆರಿಸಿಕೊಂಡರು. ಬೇರೆಯವರು ಸೂಟು ಹಾಕಿಕೊಂಡು ನ್ಯೂಯಾರ್ಕ್‌ನಲ್ಲಿ ಕೂತಿದ್ದಾಗ ಇವನು ಅಪ್ಪನ ಜೊತೆ ಮಿಷಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ!

ಚೆಂಡು ಮಧ್ಯದವನ ಕೈಯಿಂದ ಹಿಂದಕ್ಕೆ ಬಂದು ಆಟ ಶುರುವಾಗುವುದಕ್ಕೆ ಸ್ನ್ಯಾಪ್ ಅಂತಾರೆ. ಥಾಮಸ್ ಒಂದನ್ನೂ ಬಿಡದೆ ಸತತ 10,363 ಸ್ನ್ಯಾಪ್ ಆಡಿದ. ಇಪ್ಪತ್ತು ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್‌ಗಳು ಬಂದರು, ಹೋದರು. ಕೋಚ್‌ಗಳೂ ಬದಲಾಗುತ್ತಲೇ ಇದ್ದರು. ಎಡಗಡೆ ಅಂಚಿನಲ್ಲಿ ಮಾತ್ರ ಇವನೇ. ಮೊದಲ ಹತ್ತು ವರ್ಷವೂ ಪ್ರೊ ಬೌಲ್‌ಗೆ, ಅಂದರೆ ಆ ವರ್ಷದ ಶ್ರೇಷ್ಠ ಆಟಗಾರರ ಪಂದ್ಯಕ್ಕೆ, ಆಯ್ಕೆಯಾದ. 2017ರ ಅಕ್ಟೋಬರ್ 22ರಂದು ಟೆನ್ನೆಸ್ಸೀ ಟೈಟನ್ಸ್ ಎದುರು ಎಡತೋಳಿನ ಸ್ನಾಯು ಹರಿಯಿತು. ಲೆಕ್ಕ ಅಲ್ಲಿಗೆ ನಿಂತಿತು. ಮುಂದಿನ ಮಾರ್ಚ್‌ನಲ್ಲಿ ನಿವೃತ್ತನಾದ.

ತಂಡ ಮಾತ್ರ ಸೋಲುತ್ತಲೇ ಇತ್ತು. ಅವನ ಮೊದಲ ವರ್ಷ 16ರಲ್ಲಿ 10 ಪಂದ್ಯ ಗೆದ್ದಿದ್ದೇ ಜಾಸ್ತಿ. 2016ರಲ್ಲಿ ಗೆದ್ದಿದ್ದು ಒಂದೇ ಒಂದು, 2017ರಲ್ಲಿ ಅದೂ ಇಲ್ಲ. ಇಂಥ ತಂಡದಲ್ಲಿ ಇದ್ದು ಹಾಳಾದ ಅಂತ ಬಾವ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2011ರಲ್ಲಿ ಅದೇ ತಂಡದ ಜೊತೆ ಮತ್ತೆ ಏಳು ವರ್ಷಕ್ಕೆ ಸಹಿ ಹಾಕಿದವನು ಅವನೇ ಅಲ್ವಾ? ಸೋಲು ಖಾತ್ರಿಯಾದ ಪಂದ್ಯದ ಕೊನೆಯ ನಿಮಿಷದಲ್ಲೂ ಹಿಂದೆ ನಿಂತವನೊಬ್ಬನ ಬೆನ್ನು ಕಾಯುವುದು ಇದ್ದೇ ಇತ್ತು. ಅದನ್ನು ಅವನು ಒಂದು ದಿನವೂ ಅರೆಮನಸ್ಸಿನಿಂದ ಮಾಡಿದ ಹಾಗೆ ನನಗೆ ಕಾಣಲಿಲ್ಲ.

2023ರಲ್ಲಿ, ಅರ್ಹತೆ ಸಿಕ್ಕ ಮೊದಲ ವರ್ಷವೇ, ಅವನನ್ನು ಆಟದ ಶ್ರೇಷ್ಠರ ಸಾಲಾದ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಲೀಗ್ ಮುಗಿದ ಮೇಲೆ ಗೆದ್ದ ತಂಡಗಳು ಆಡುವ ಪ್ಲೇಆಫ್‌ನಲ್ಲಿ ಅವನು ಒಂದು ಪಂದ್ಯವನ್ನೂ ಆಡಿದವನಲ್ಲ. ಬಾವನಿಗೆ ಅದೇ ಬೇಜಾರು. ನನಗೆ ಬೇಜಾರಿಲ್ಲ.