ನಾನು ಬೇಡ ಅಂದಿದ್ದು ಪುಸ್ತಕದಲ್ಲಿ ಇಲ್ಲ

ಹೋದ ವಾರ ಸಂಜೆ ಮಂಡಕ್ಕಿ ತರಲು ಹೊರಟಿದ್ದೆ. ಹಿಂದಿನ ಕ್ರಾಸಿನ ಅಜ್ಜಿಯೊಬ್ಬರು ನಿಲ್ಲಿಸಿ, "ಮಧ್ಯಾಹ್ನ ಪಾರ್ಕಿಗೆ ಬೀಗ ಹಾಕಾಕೆ ನೀನೂ ಹ್ಞೂಂ ಅಂದಿಯಂತಲ್ಲಪ್ಪ?" ಅಂದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ನಾನು ಬೇಡ ಅಂದವನು.

ದಾವಣಗೆರೆಯ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಮಿಟಿಯಲ್ಲಿ 9 ಜನ ಇದ್ದೇವೆ. 6 ಜನ ಬೀಗ ಬೇಕು ಅಂದರು, ಮೂವರು ಬೇಡ ಅಂದೆವು. ಮನೆಕೆಲಸದ ಹೆಂಗಸರು, ಪಾರ್ಸೆಲ್ ತರುವ ಹುಡುಗರು ಮಧ್ಯಾಹ್ನದ ಬಿಸಿಲಿಗೆ ಹೊಂಗೆ ಮರದ ಕೆಳಗೆ ಕೂತು ಬುತ್ತಿ ಬಿಚ್ಚುವುದು ಅಲ್ಲೇ. (ಪಾರ್ಕು ಮಹಾನಗರ ಪಾಲಿಕೆಯದು, ಬೀಗ ಮಾತ್ರ ನಮ್ಮದು. ಅದು ಬೇರೆ ಮಾತು.) ಸೋತಿದ್ದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಸಭೆಯಲ್ಲಿ ಆದದ್ದನ್ನು ಬರೆದಿಡುವ ನಡಾವಳಿ ಪುಸ್ತಕ ತೆಗೆದು ನೋಡಿದರೆ "ಸರ್ವಾನುಮತದಿಂದ ಠರಾಯಿಸಲಾಯಿತು" ಅಂತಿದೆ!

ಕಾರ್ಯದರ್ಶಿಯವರನ್ನು ಕೇಳಿದೆ. "ಇರ್ಲಿ ಬಿಡ್ರಿ, ನಮ್ಮಲ್ಲಿ ಒಡಕು ಐತಿ ಅಂತ ಊರಿಗೆಲ್ಲ ಯಾಕ್ ತೋರಿಸ್ಬೇಕು?" ಅಂದರು. ಒಳ್ಳೆ ಮನುಷ್ಯ, ನಲ್ಲಿಯಲ್ಲಿ ನೀರು ಬರದಿದ್ದರೆ ವಾಲ್ವ್‌ಮನ್ ಹಿಂದೆ ಓಡಾಡುವವರು ಅವರೇ. ಆದರೆ ಒಡಕು ಇತ್ತಲ್ವಾ?

2013ರ ಕಂಪನಿ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ, ಬೋರ್ಡ್ ಸಭೆಯಲ್ಲಿ ಯಾವ ನಿರ್ದೇಶಕರು ಠರಾವಿಗೆ ಒಪ್ಪಲಿಲ್ಲವೋ ಅವರ ಹೆಸರು ನಡಾವಳಿಯಲ್ಲಿ ಬರಲೇಬೇಕು. ನಮ್ಮದು ಕಂಪನಿ ಅಲ್ಲ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇರುವ ಸಂಘ, ಆ ಸೆಕ್ಷನ್ ನಮಗೆ ತಾಗುವುದಿಲ್ಲ. ಆದರೂ ಲಾಭಕ್ಕೆ ಕೂತವರೇ ಬರೆಯುವಾಗ ತಿಂಗಳ ಚಂದಾ ಎತ್ತುವ ನಮಗೇನು ಕಷ್ಟ? ನಮ್ಮ ಕಾಯ್ದೆಯಲ್ಲೂ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ನಡೆಸಬೇಕು ಅಂತಿದೆ. ಪುಸ್ತಕದ ತುಂಬ ಸರ್ವಾನುಮತವೇ ಇದ್ದರೆ ಅನುಮಾನ ಬರುವುದಾದರೂ ಯಾರಿಗೆ?

ಕಮಿಟಿ ಆರಿಸುವಾಗ ಯಾರು ಯಾರಿಗೆ ಓಟು ಹಾಕಿದರು ಅನ್ನೋದು ಗುಟ್ಟಾಗಿರಲಿ, ದಿನಾ ಮುಖ ನೋಡುವ ಅಕ್ಕಪಕ್ಕದವರು. ಆದರೆ ಆರಿಸಿ ಬಂದ ಮೇಲೆ ನಾನು ಎತ್ತುವ ಕೈ ನನ್ನದೊಬ್ಬನದಲ್ಲ. ಎಲ್ಲಿ ಎತ್ತಿದೆ, ಎಲ್ಲಿ ಎತ್ತಲಿಲ್ಲ ಅಂತ ಆ ಅಜ್ಜಿಗೆ ಗೊತ್ತಾಗದಿದ್ದರೆ ಮುಂದಿನ ಸಲ ನನ್ನನ್ನು ಉಳಿಸಬೇಕೋ ಮನೆಗೆ ಕಳಿಸಬೇಕೋ ಹೇಗೆ ತೀರ್ಮಾನಿಸುತ್ತಾರೆ?

ನಿನ್ನೆ ಸಭೆ ಇತ್ತು. ಮೊದಲ ವಿಷಯವೇ ಹಿಂದಿನ ನಡಾವಳಿ ಓದಿ ಒಪ್ಪುವುದು. ತಪ್ಪು ತಿದ್ದಿಸಲು ಸರಿಯಾದ ಹೊತ್ತು ಅದೇ, ಎಲ್ಲರೂ ಮಿರ್ಚಿ ಕಡಿಯುತ್ತಾ ಸುಮ್ನೆ ಹ್ಞೂಂ ಅನ್ನುವ ಹೊತ್ತೂ ಅದೇ. ನಾನು ಅನ್ನಲಿಲ್ಲ. ಅರ್ಧ ಗಂಟೆ ಜಗ್ಗಾಡಿ "ಪರ 6, ವಿರೋಧ 3" ಅಂತ ತಿದ್ದಿಸಿ, ಕೆಳಗೆ ನನ್ನ ಹೆಸರು ಬರೆದೆ. ವಿರೋಧಿಸಿದ್ದ ಮೇಡಂ ಕೂಡ ಬರೆದರು. ಮೂರನೆಯವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತು, "ನಂದು ಬೇಡ್ರಿ, ಅಧ್ಯಕ್ಷರ ಮನಿ ನಮ್ಮ ಗೋಡೆಗೇ ಐತಿ" ಅಂದು ಪೆನ್ನು ವಾಪಸ್ ಕೊಟ್ಟರು.

ಬೀಗ ಇನ್ನೂ ಹಾಗೇ ಇದೆ.