ನೀವು ಕೆಲಸ ಕೊಡಿಸ್ತೀರಾ ಮೇಡಂ?

ಮದುವೆ ಊಟಕ್ಕೆ ಕೂತಾಗ, ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ, ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಾಗ, ನಾನು ಕೆರಿಯರ್ ಕೋಚ್ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಒಂದೇ. "ಹಾಗಾದ್ರೆ ನೀವು ಕೆಲಸ ಕೊಡಿಸ್ತೀರಾ ಮೇಡಂ? ನಮ್ಮ ಮಗನಿಗೆ ಒಂದು ನೋಡಿ ಮಾರಾಯ್ರೆ."

ಇಲ್ಲ, ಕೊಡಿಸುವುದಿಲ್ಲ. ನನ್ನ ಹತ್ತಿರ ಬರುವವರಿಗೆ ಮೊದಲ ಐದು ನಿಮಿಷದಲ್ಲೇ ಇದನ್ನು ಹೇಳಿಬಿಡುತ್ತೇನೆ. ಫೀಸ್ ತಗೊಳ್ಳುತ್ತೇನೆ, ಅದು ನನ್ನ ಸಮಯಕ್ಕೆ. ಕೆಲಸಕ್ಕಲ್ಲ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ ಸುರತ್ಕಲ್ ಕಡೆಯ ಒಬ್ಬ ಹುಡುಗ ಬಂದಿದ್ದ. ಗಲ್ಫ್‌ನಲ್ಲಿ ಕೆಲಸ ಕೊಡಿಸುತ್ತೇನೆ ಅಂದ ಏಜೆಂಟನಿಗೆ ಅಮ್ಮನ ಬಳೆ ಅಡವಿಟ್ಟು ದುಡ್ಡು ಕೊಟ್ಟಿದ್ದ. ಕೈಗೆ ಬಂದದ್ದು ಬರೀ ಸುತ್ತಾಡಿ ಬರುವ ವಿಸಿಟ್ ವೀಸಾ. ಎರಡು ತಿಂಗಳು ಅಲ್ಲಿ ಯಾರದ್ದೋ ರೂಮಿನಲ್ಲಿದ್ದು ವಾಪಸ್ ಬಂದ. ನನ್ನ ಎದುರು ಕೂತವನು ಅರ್ಧ ಗಂಟೆ ತಲೆ ಎತ್ತಲಿಲ್ಲ. ವಿದೇಶಕ್ಕೆ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ಎಮಿಗ್ರೇಶನ್ ಕಾಯ್ದೆಯಂತೆ ಸರಕಾರದಲ್ಲಿ ನೋಂದಣಿ ಮಾಡಿಸಿರಲೇಬೇಕು. ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಆ ಹೆಸರು ಉಂಟಾ ಅಂತ ನಾವೇ ನೋಡಬಹುದು. ಅವನಿಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ. ಅದಕ್ಕೇ ದುಡ್ಡು ಕೊಡುವ ಮೊದಲು ನೋಡಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಹಾಗಾದರೆ ನಾನು ಎಂತ ಮಾಡುವುದು? ಬರೆಸುತ್ತೇನೆ. ಜನರಿಂದ ಅವರ ಕೆಲಸವನ್ನು ಅವರ ಬಾಯಲ್ಲೇ ಹೇಳಿಸಿ, ಬರೆಸುತ್ತೇನೆ.

ಕಳೆದ ಮಳೆಗಾಲದಲ್ಲಿ ಬ್ರಹ್ಮಾವರದ ಕಡೆಯ ಒಬ್ಬರು ಬಂದರು. ನಲವತ್ತು ದಾಟಿದೆ, ಬಿ.ಕಾಂ. ಆಗಿದೆ. ಬಯೋಡೇಟಾದಲ್ಲಿ ತಂದೆಯ ಹೆಸರಿತ್ತು, ಧರ್ಮ ಇತ್ತು, ಹವ್ಯಾಸ ಓದುವುದು ಅಂತ ಇತ್ತು. ಮದುವೆಯಾದ ಮೇಲಿನ ವರ್ಷಗಳ ಜಾಗದಲ್ಲಿ ಏನೂ ಇರಲಿಲ್ಲ.

"ಈ ವರ್ಷಗಳಲ್ಲಿ ಎಂತ ಮಾಡಿದ್ರಿ?"

"ಎಂತ ಇಲ್ಲ ಮೇಡಂ. ಮನೆಯಲ್ಲೇ ಇದ್ದದ್ದು."

ಸುಮಾರು ಹೊತ್ತು ಮಾತಾಡಿದ ಮೇಲೆ, ಊರಿನ ಸ್ವಸಹಾಯ ಸಂಘದ ಲೆಕ್ಕ ತಾನೇ ಬರೆಯುವುದು ಅಂದರು. ಒಂಬತ್ತು ವರ್ಷದಿಂದ, ಪ್ರತಿ ಭಾನುವಾರ. ಮುಂದಿನ ಸಲ ಪುಸ್ತಕ ತನ್ನಿ ಅಂದೆ. ನೀರು ತಾಗದ ಹಾಗೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದರು. ಹದಿನೆಂಟು ಹೆಸರು. ಉಳಿತಾಯ, ಸಾಲ, ಕಂತು, ಬಡ್ಡಿ, ಎದುರಿಗೆ ಸಹಿ. ಒಂದು ವಾರ ಹತ್ತು ರೂಪಾಯಿ ತಾಳೆ ಆಗಿರಲಿಲ್ಲ. ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಎರಡು ವಾರ ಬಿಟ್ಟು ಅದೇ ಸುತ್ತಿನ ಪಕ್ಕ, ತಪ್ಪು ಎಲ್ಲಿ ಆದದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರು.

ನಾನು ಆ ಪುಟದ ಮೇಲೆ ಬೆರಳಿಟ್ಟು ಸುಮ್ಮನೆ ಕೂತೆ. ಒಂಬತ್ತು ವರ್ಷ ಅಂದರೆ ನಾನೂರ ಅರವತ್ತಕ್ಕೂ ಜಾಸ್ತಿ ವಾರ. ಇದನ್ನು "ಎಂತ ಇಲ್ಲ" ಅಂತ ಹೇಳುವುದಾ?

ಅವರ ಬಯೋಡೇಟಾವನ್ನು ಮೊದಲಿಂದ ಬರೆದೆವು. ಮೊದಲ ಸಾಲಲ್ಲೇ ಹದಿನೆಂಟು ಜನರ ಉಳಿತಾಯ, ಸಾಲದ ಲೆಕ್ಕ ಬಂತು. ಹತ್ತು ರೂಪಾಯಿಯ ಕಥೆಯನ್ನು ಇಂಟರ್‌ವ್ಯೂಗೆ ಇಟ್ಟುಕೊಂಡೆವು. ಈಗ ಒಂದು ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಾರೆ. ಅರ್ಜಿ ಹಾಕಿದ್ದು ಅವರು, ಇಂಟರ್‌ವ್ಯೂನಲ್ಲಿ ಮಾತಾಡಿದ್ದು ಅವರು.

ಇಂಗ್ಲಿಷಿನಲ್ಲಿ ಕೇಳಿದರೆ ಈ ಕಥೆ ಹೊರಗೆ ಬರುತ್ತಲೇ ಇರಲಿಲ್ಲ. ಹಾಗಾಗಿ ಮೊದಲ ದಿನ ತುಳುವೋ ಕೊಂಕಣಿಯೋ ಬ್ಯಾರಿಯೋ ಕನ್ನಡವೋ, ಮನೆಯಲ್ಲಿ ಯಾವುದು ಮಾತಾಡುತ್ತಾರೋ ಅದರಲ್ಲೇ ಹೇಳಿ ಅನ್ನುತ್ತೇನೆ. ಕೊಂಕಣಿ ಅಷ್ಟು ಬರುವುದಿಲ್ಲ ನನಗೆ, ಕೇಳಿ ಕೇಳಿ ಅರ್ಥ ಮಾಡಿಕೊಳ್ಳುತ್ತೇನೆ. ಮನೆಮಾತಿನಲ್ಲಿ ಜನ "ನಾನು ಮಾಡಿದೆ" ಅಂತ ಹೇಳುತ್ತಾರೆ. ಇಂಗ್ಲಿಷಿಗೆ ಹೋದ ಕೂಡಲೇ ಯಾರದ್ದೋ ಬಯೋಡೇಟಾದಿಂದ ಎತ್ತಿದ ಸಾಲು ಬರುತ್ತದೆ. ಇಂಗ್ಲಿಷ್ ಕೊನೆಗೆ ಸೇರಿಸಿದರೆ ಸಾಕು.

ಮಕ್ಕಳಿಗೆ ಬ್ಯಾಂಕ್ ಕೆಲಸ ಸಿಗಲಿ ಅನ್ನುವ ತಂದೆತಾಯಿಯರ ಆಸೆ ನನಗೆ ಅರ್ಥವಾಗುತ್ತದೆ. ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಗಳಲ್ಲೇ ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಅಂತ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು, 1906ರಿಂದ 1931ರ ಒಳಗೆ. ಎಷ್ಟೋ ಮನೆಗಳ ಹಂಚು ಬದಲಾದದ್ದು, ಮಕ್ಕಳು ಓದಿದ್ದು ಆ ಸಂಬಳದಲ್ಲಿ. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹೆಸರು ಹೋದರೂ ಮನೆಗಳಲ್ಲಿ "ಬ್ಯಾಂಕ್ ಎಕ್ಸಾಮ್ ಬರಿ" ಅನ್ನುವ ಮಾತು ನಿಂತಿಲ್ಲ. ಬರೆಯಲಿ, ಒಳ್ಳೆಯದೇ. ಆದರೆ ಮಗಳಿಗೆ ಅಂಕಿಸಂಖ್ಯೆ ಇಷ್ಟವಾ ಅಂತ ಒಂದು ಸಲ ಕೇಳಿ, ಅಲ್ವಾ?

ಆ ಬ್ಯಾಂಕುಗಳಿಂದ ನಾನು ಒಂದು ವಿಷಯ ಎತ್ತಿಕೊಂಡಿದ್ದೇನೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪಿಗ್ಮಿ ಉಳಿತಾಯ. ದಿನಕ್ಕೆ ಎರಡಾಣೆ ಇದ್ದರೂ ಸಾಕಿತ್ತು, ಏಜೆಂಟರೇ ಮನೆಬಾಗಿಲಿಗೆ ಬಂದು ತಗೊಂಡು ಹೋಗುತ್ತಿದ್ದರು. ಅದೇ ರೀತಿ ದಿನಕ್ಕಿಷ್ಟು ಅಂತ ಕೂಡಿಡಲಿಕ್ಕೆ, ನನ್ನ ಹತ್ತಿರ ಬರುವವರಿಗೆಲ್ಲ ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ ಅನ್ನುತ್ತೇನೆ. ರಾತ್ರಿ ಮಲಗುವ ಮುಂಚೆ ಒಂದೇ ಸಾಲು: ಇವತ್ತು ನಾನು ಏನು ಮಾಡಿದೆ. ಜಗಳವಾಡಿದ ಗಿರಾಕಿಯನ್ನು ಹೇಗೆ ಸಮಾಧಾನ ಮಾಡಿದೆ, ಕೆಟ್ಟ ಪಂಪನ್ನು ಹೇಗೆ ಓಡಿಸಿದೆ. ನಾನೂ ಬರೆಯುತ್ತೇನೆ. ನನ್ನ ಲೇಖನಗಳೆಲ್ಲ ಹುಟ್ಟುವುದು ಆ ಸಾಲುಗಳಿಂದಲೇ, ಈ ಲೇಖನವೂ ಸೇರಿ.

ಮೊನ್ನೆ ಮಣಿಪಾಲದಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ಅದೇ ಪ್ರಶ್ನೆ ಕೇಳಿದರು. ಮಗ ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯಿತಂತೆ, ಸುಮ್ನೆ ಮನೆಯಲ್ಲಿದ್ದಾನಂತೆ.

"ಸುಮ್ನೆ ಅಂದ್ರೆ ದಿನಾ ಎಂತ ಮಾಡ್ತಾನೆ?" ಅಂದೆ.

"ಎಂತ ಉಂಟು ಮೇಡಂ. ಅಕ್ಕಪಕ್ಕದವರ ಮಿಕ್ಸಿ, ಪಂಪು ರಿಪೇರಿ ಮಾಡಿಕೊಡ್ತಾ ಇರ್ತಾನೆ."

"ಶನಿವಾರ ಅವನನ್ನು ಕಳಿಸಿ" ಅಂದೆ. "ಬಯೋಡೇಟಾ ಬೇಡ. ರಿಪೇರಿ ಮಾಡಿದ ಒಂದು ಪಂಪಿನ ಫೋಟೋ ತರ್ಲಿಕ್ಕೆ ಹೇಳಿ."